ನಾಗಮ್ಮಾಳ್ ಆರಿಸಿದ ಗಡಿಯಾರ

ತೇವಾರಂ ಊರು ಮುಗಿದು ಬೆಟ್ಟದ ದಾರಿ ಶುರುವಾಗುವಲ್ಲಿ ಎದುರುಬದುರಾಗಿ ಎರಡು ಮನೆಗಳಿವೆ. ಎರಡಕ್ಕೂ ಒಂದೇ ಅಂಗಳ. ಮೇಲ್ಮನೆಯಲ್ಲಿ ಜೆಯಕುಮಾರ್, ಅವನ ಹೆಂಡತಿ ಮಣಿಮೇಗಲೈ, ಹತ್ತನೇ ಕ್ಲಾಸು ಮುಗಿಸಿದ ಮಗಳು ಯುವಶ್ರೀ. ಕೆಳಮನೆಯಲ್ಲಿ ಜೆಯಕುಮಾರನ ಚಿಕ್ಕಪ್ಪ ರಾಜೇಂದ್ರನ್, ಅವನ ಹೆಂಡತಿ ವೆಳ್ಳೈಯಮ್ಮಾಳ್. ಅಂಗಳದ ಬದಿಯಲ್ಲಿ, ಹಿಂದೆ ದನಕ್ಕೆ ಹುಲ್ಲು ತುಂಬುತ್ತಿದ್ದ ಕೋಣೆಯಲ್ಲಿ ನಾಗಮ್ಮಾಳ್. ರಾಜೇಂದ್ರನಿಗೆ ಅಕ್ಕ, ಜೆಯಕುಮಾರನಿಗೆ ಸೋದರತ್ತೆ, ವಯಸ್ಸು ಅರವತ್ತೆಂಟು. ಆ ಕೋಣೆಯಲ್ಲಿ ಒಲೆ ಇಲ್ಲ. ನಲವತ್ತೆರಡು ವರ್ಷದಿಂದ ಇಲ್ಲ. ಬೇಕಾಗಿಯೂ ಇರಲಿಲ್ಲ.

ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡು ವೇದಸಂದೂರಿನಿಂದ ಒಂದು ತಗಡಿನ ಪೆಟ್ಟಿಗೆಯೊಂದಿಗೆ ಮರಳಿದವಳು ಅವಳು. ಅದೇ ವರ್ಷ ಅಪ್ಪ ಮೂಕಯ್ಯ ಹೊಲವನ್ನು ಇಬ್ಬರು ಗಂಡುಮಕ್ಕಳಿಗೆ ಪಾಲು ಮಾಡಿದರು. ಹೊಲ ಪಾಲಾಯಿತು, ಬಾವಿ ಆಗಲಿಲ್ಲ. ಮೋಟರಿಗೆ ಬೆಳಗ್ಗೆ ಒಂಬತ್ತರಿಂದ ದಿನಕ್ಕೆ ಆರು ಗಂಟೆ ಕರೆಂಟು. ಮೊದಲ ಮೂರು ಗಂಟೆ ಮೇಲ್ಮನೆಯ ಹೊಲಕ್ಕೆ ನೀರು, ಆಮೇಲಿನ ಮೂರು ಗಂಟೆ ಕೆಳಮನೆಯದಕ್ಕೆ. ಯಾವಾಗ ತಿರುಗಿಸಬೇಕು ಎಂದು ಹೇಳುವುದು ನಾಗಮ್ಮಾಳ್. ಅವಳು ಹೇಳಿದ್ದಕ್ಕೆ ಎದುರುಮಾತಿಲ್ಲ. ಅದಕ್ಕೆ ಪ್ರತಿಯಾಗಿ ಬೆಳಗಿನ ತಟ್ಟೆ ಮೇಲ್ಮನೆಯದು, ರಾತ್ರಿಯ ತಟ್ಟೆ ಕೆಳಮನೆಯದು. ಮೂಕಯ್ಯ ಇದನ್ನು ಊರ ಹಿರಿಯರ ಮುಂದೆ ಹೇಳಿದರು. ತನಗೆ ಹೊಲದಲ್ಲಿ ಪಾಲು ಬೇಡವೆಂದು ನಾಗಮ್ಮಾಳ್ ಅಂದೇ ಸಹಿ ಹಾಕಿದಳು. ತಟ್ಟೆಯ ಮಾತು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

ಅವಳು ಹೊತ್ತು ನೋಡುತ್ತಿದ್ದ ರೀತಿ ಅವಳದೇ. ಅಂಗಳದ ನಡುವೆ ಎತ್ತು ಕಟ್ಟುವ ಒಂದು ಕಲ್ಲುಗಂಬವಿತ್ತು. ಅದರ ನೆರಳು ಹಾಯುವ ಕಡೆ ಹೊಳೆಯಿಂದ ಆಯ್ದು ತಂದ ಏಳು ಗುಂಡುಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಳು. ಸೂರ್ಯ ತೆಂಕಕ್ಕೋ ಬಡಗಕ್ಕೋ ಸರಿದಂತೆ ಅಮಾವಾಸ್ಯೆಗೊಮ್ಮೆ ಕಲ್ಲುಗಳನ್ನೂ ಸರಿಸುತ್ತಿದ್ದಳು. ಎಷ್ಟು ಸರಿಸಬೇಕು ಎನ್ನುವುದು ಅವಳ ಕೈಗಷ್ಟೇ ಗೊತ್ತು. ಮೋಡ ಮುಚ್ಚಿದ ದಿನ ಬೋಡಿ ಊರಿನ ಬಸ್ಸು, ಶಾಲೆಯ ಗಂಟೆ ಇವೆರಡರ ಸದ್ದು ಸಾಕಿತ್ತು. ಹೊತ್ತಾಯಿತೆಂದರೆ ಒರಳುಕಲ್ಲಿನ ಮೇಲೆ ಹತ್ತಿ ನಿಂತು, ಮನೆಯ ಹಿಂದಿನ ಬಾವಿಗೆ ಕೇಳುವ ಹಾಗೆ "ನೀರ್ ತಿರುಗ್ಸ್ರೋ" ಎಂದು ಕೂಗುವಳು. ಫೋನು ಬಂದ ಮೇಲೂ ಅದೇ ನಡೆಯಿತು. ಫೋನಿನ ಗಂಟೆ ಅವರವರ ಜೇಬಿನ ಗಂಟೆ, ಅದನ್ನು ಹೊರಗೆ ತೆಗೆದು ನೋಡಿದವನೇ ಹೇಳಬೇಕು. ನಾಗಮ್ಮಾಳ್ ಎರಡೂ ಮನೆಯ ಅನ್ನ ತಿನ್ನುವವಳು, ಯಾರ ಕಡೆಗೂ ವಾಲುವಂತಿರಲಿಲ್ಲ.

ಇದೆಲ್ಲ ಕೆಟ್ಟಿದ್ದು ಅಂಗಳ ಚಂದ ಮಾಡುವ ಆಸೆಯಿಂದ. ಮಣಿಮೇಗಲೈ ಪೆರಿಯಕುಳಂನವಳು. ಅಲ್ಲಿ ಅವಳ ಅಣ್ಣ ಮನೆಮುಂದೆ ಬಣ್ಣದ ಸಿಮೆಂಟ್ ಕಲ್ಲು ಹಾಸಿ, ಕುಂಡಗಳನ್ನಿಟ್ಟು, ಸಂಜೆ ಕೂರಲು ಕಬ್ಬಿಣದ ಕುರ್ಚಿ ಹಾಕಿಸಿದ್ದ. ಅದನ್ನು ನೋಡಿ ಬಂದ ಮೇಲೆ ಅವಳಿಗೆ ತನ್ನ ಅಂಗಳದ ಮಣ್ಣು ಕಣ್ಣಿಗೆ ಚುಚ್ಚತೊಡಗಿತು. ಬೇಸಿಗೆಯ ಚಿತ್ತಿರೈ ತಿಂಗಳಲ್ಲಿ ಕೆಲಸ ಶುರುವಾಗಿ ಮೂರೇ ದಿನದಲ್ಲಿ ಮುಗಿಯಿತು. ನಾಗಮ್ಮಾಳ್ ಆ ಮೂರು ದಿನ ಕಣ್ಣಿನ ಪೊರೆ ತೆಗೆಸಿಕೊಳ್ಳಲು ತೇನಿಯ ಆಸ್ಪತ್ರೆಯಲ್ಲಿದ್ದಳು. ಬಂದು ನೋಡಿದರೆ ಕಲ್ಲುಗಂಬ ಗೋಡೆಯ ಮೂಲೆಯಲ್ಲಿ ಅಡ್ಡ ಬಿದ್ದಿದೆ, ಏಳು ಗುಂಡುಕಲ್ಲುಗಳು ಕುಂಡದ ಸುತ್ತ ಅಲಂಕಾರಕ್ಕೆ ಕೂತಿವೆ. ಕಲ್ಲಿಗೆ ಬಿಳಿ ಬಣ್ಣ ಬೇರೆ ಬಳಿದಿದ್ದರು. ಹೊಸ ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರಿಂದ ಅವಳು ಅಳಲೂ ಇಲ್ಲ.

ಆ ವಾರ ಅವಳು ಅಂದಾಜಿನ ಮೇಲೆ ಕೂಗಿದಳು. ಒಂದು ದಿನ ಕಾಲು ಗಂಟೆ ತಡವಾಯಿತು. ಕೆಳಮನೆಯ ಬಾಳೆತೋಟದಲ್ಲಿ ಕೊನೆಯ ಎರಡು ಸಾಲಿಗೆ ನೀರು ಹರಿಯಲಿಲ್ಲ. ರಾಜೇಂದ್ರನ್ ಸಂಜೆ ಅಂಗಳಕ್ಕೆ ಬಂದು, ಹೊಸ ಕುರ್ಚಿಯಲ್ಲಿ ಕೂರದೆ ನಿಂತುಕೊಂಡೇ ಅಣ್ಣನ ಮಗನಿಗೆ ಮಾತು ಎಸೆದ.

"ಅಂಗಳ ಚಂದ ಆಯ್ತು ಜೆಯಕುಮಾರ್. ನನ್ನ ಬಾಳೆ ಒಣಗ್ದ್ರೆ ಆ ಎಲೇನೂ ತಂದು ಕುಂಡದಾಗೆ ನೆಡು, ಇನ್ನೂ ಚಂದ ಇರ್ತದೆ."

"ಅತ್ತೆ ಕೂಗಿದ್ದು ತಡ ಚಿಕ್ಕಪ್ಪಾ, ನಾನ್ ಏನ್ ಮಾಡ್ಲಿ?"

"ಅಕ್ಕನ ಕಲ್ಲು ಕಿತ್ತಿದ್ದು ಯಾರು?"

ಮಾತು ಎಳೆದು ಎಳೆದು ಸತ್ತುಹೋದ ಜೆಯಕುಮಾರನ ಅಪ್ಪನವರೆಗೂ ಹೋಯಿತು. ವೆಳ್ಳೈಯಮ್ಮಾಳ್ ತನ್ನ ಜಗಲಿಯಿಂದ, ಮಣಿಮೇಗಲೈ ತನ್ನ ಬಾಗಿಲಿನಿಂದ ಒಂದೊಂದು ಸೌದೆ ಇಟ್ಟರು. ಕೊನೆಗೆ ಅಂಗಳಕ್ಕೇ ಒಂದು ಗಡಿಯಾರ ಹಾಕಿಬಿಡೋಣ, ಎರಡು ಮನೆಗೂ ಕಾಣಲಿ, ಜಗಳವೇ ಬೇಡ ಎಂದಳು ಮಣಿಮೇಗಲೈ. ಪೆರಿಯಕುಳಂನ ಅಣ್ಣನ ಮನೆಯಲ್ಲೂ ಅಂಥದೊಂದು ಇದ್ದಿರಬೇಕು. "ಅತ್ತೆಗೂ ಸುಲಭ ಆಯ್ತದೆ" ಎಂದು ಕೊನೆಯಲ್ಲಿ ಸೇರಿಸಿದಳು. ನಾಗಮ್ಮಾಳಿಗೆ ಅದು ನಿಜವಾಗಿಯೂ ಸಂತೋಷ ಕೊಟ್ಟಿತು. ಕಲ್ಲು ಹೋದ ಮೇಲೆ ಅವಳ ಕೈ ಕಟ್ಟಿಹಾಕಿದ ಹಾಗಾಗಿತ್ತು.

ಗಡಿಯಾರ ಬೇಕು ಎನ್ನುವುದು ಒಂದು ಸಂಜೆಯಲ್ಲಿ ತೀರ್ಮಾನವಾಯಿತು. ಯಾವ ಗಡಿಯಾರ ಎನ್ನುವುದಕ್ಕೆ ಮೂರು ವಾರ ಹಿಡಿಯಿತು. ಮಣಿಮೇಗಲೈ ಫೋನಿನಲ್ಲಿ ತೋರಿಸಿದ್ದರ ಮೈತುಂಬ ಹೂಬಳ್ಳಿ, ಮೇಲೊಂದು ಗುಬ್ಬಿ, ಮುಳ್ಳು ಮಾತ್ರ ಹುಡುಕಬೇಕು. ಜೆಯಕುಮಾರನಿಗೆ ಕೆಂಪು ಅಂಕಿ ಬೆಳಗುವಂಥದು ಬೇಕಿತ್ತು. ಅದಕ್ಕೆ ರಿಮೋಟ್ ಇರುತ್ತದೆ ಎಂದದ್ದೇ ತಪ್ಪಾಯಿತು. "ರಿಮೋಟ್ ಯಾರ ಮನೇಲಿ ಇರ್ತದೆ?" ಎಂದು ರಾಜೇಂದ್ರನ್ ಕೇಳಿದ, ಆ ಗಡಿಯಾರ ಅಲ್ಲಿಗೆ ಮುಗಿಯಿತು. ರಾಜೇಂದ್ರನ್ ಹೇಳಿದ್ದು ದೊಡ್ಡದೊಂದು ಗೋಡೆ ಗಡಿಯಾರ. ಮೇಲ್ಮನೆ ಗೋಡೆಗೆ ಹಾಕಿದರೆ ಅದು ಮೇಲ್ಮನೆಯದಾಗುತ್ತದೆ, ಕೆಳಮನೆ ಗೋಡೆಗೆ ಹಾಕಿದರೆ ಕೆಳಮನೆಯದು. ಒಬ್ಬರು ತಂದದ್ದನ್ನು ಇನ್ನೊಬ್ಬರು ನಂಬುವಂತಿರಲಿಲ್ಲ. ಹಾಗಾಗಿ ಆರಿಸುವ ಕೆಲಸವೂ ನಾಗಮ್ಮಾಳ್ ತಲೆಗೇ ಬಂತು. ಅವಳು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ಚಿಕ್ಕಪ್ಪ, ಅಣ್ಣನ ಮಗ ಇಬ್ಬರ ನಡುವೆ ಬಸ್ಸಿನಲ್ಲಿ ಕೂತು ತೇನಿಗೆ ಹೋದಳು.

ಅಂಗಡಿಯವನು ಮುದುಕಿಯನ್ನು ನೋಡಿ ಮೊದಲು ಹಾಡುವ ಗಡಿಯಾರ ತೋರಿಸಿದ. ಅವಳು ಅದನ್ನು ಮುಟ್ಟಲೂ ಇಲ್ಲ. ಬಿಸಿಲಿಗೆ ಬಣ್ಣ ಹೋಗುತ್ತದೆಯೇ ಎಂದು ಕೇಳಿದಳು. ಬೆಟ್ಟದಿಂದ ಅಡ್ಡಡ್ಡ ಬೀಸುವ ಸೋನೆಮಳೆ ಒಳಗೆ ಇಳಿಯುತ್ತದೆಯೇ, ಆಡಿ ತಿಂಗಳ ಗಾಳಿಗೆ ತೂಗುತ್ತದೆಯೇ, ಒಳಗೆ ಇರುವೆ ಹೋಗುವ ತೂತು ಇದೆಯೇ ಎಂದು ಕೇಳಿದಳು. ಕೊನೆಗೆ ಮೂಲೆಯಲ್ಲಿ ಒಂದು ಗಡಿಯಾರ ಕಣ್ಣಿಗೆ ಬಿತ್ತು. ರೈಲ್ವೆ ನಿಲ್ದಾಣದಲ್ಲಿರುವ ಹಾಗೆ, ಕಬ್ಬಿಣದ ತೋಳಿಗೆ ತೂಗಿದ ದುಂಡನೆಯ ಪೆಟ್ಟಿಗೆ, ಆ ಕಡೆ ಒಂದು ಮುಖ ಈ ಕಡೆ ಒಂದು ಮುಖ. ಬಿಳಿ ಹಾಳೆಯ ಮೇಲೆ ದಪ್ಪ ಕಪ್ಪು ಅಂಕಿ, ಅವಳು ಮೂರನೇ ಕ್ಲಾಸಿನಲ್ಲಿ ಬರೆದು ಕಲಿತ ಅಂಕಿ. ಅವಳು ಗಾಜಿಗೆ ಬೆರಳಿನಿಂದ ಬಡಿದು ನೋಡಿದಳು. ಕುಡಿಯುವ ನೀರಿನ ಬಾಟಲಿ ಕೊಟ್ಟು ಅದರ ಮೇಲೆ ಸುರಿ ಎಂದಳು. ಅಂಗಡಿಯವನು ನಗುತ್ತಾ ಸುರಿದ. ಹನಿಯೂ ಒಳಗೆ ಹೋಗಲಿಲ್ಲ.

"ಇದು ದಾನ್, ಇದೇ" ಎಂದಳು ನಾಗಮ್ಮಾಳ್. "ನಿನ್ಗೂ ಒಂದು ಮುಖ, ಅವನ್ಗೂ ಒಂದು ಮುಖ. ಹೆಚ್ಚು ಕಡ್ಮೆ ಇಲ್ಲೆ."

ರಾಜೇಂದ್ರನ್ ತಲೆಯಾಡಿಸಿದ. ಜೆಯಕುಮಾರನೂ ಆಡಿಸಿದ. ಮೂರು ವಾರದಲ್ಲಿ ಇಬ್ಬರೂ ಒಪ್ಪಿದ್ದು ಅದೊಂದೇ. ಅಂಗಡಿಯವನು ಒಳಗೆ ಎರಡು ಬ್ಯಾಟರಿ ಹಾಕಿದ. ನಾಗಮ್ಮಾಳ್ ಅದನ್ನೂ ನೋಡಿದಳು. ಒಂದು ತೀರಿದರೆ ಇನ್ನೊಂದು ಇರಲಿ ಎಂದಿರಬೇಕು, ಒಳ್ಳೆಯ ಮನುಷ್ಯ ಎಂದುಕೊಂಡಳು. ಅಷ್ಟೆಲ್ಲ ಕೇಳಿದವಳು ಅದೊಂದನ್ನು ಕೇಳಲಿಲ್ಲ.

ಕಲ್ಲುಗಂಬ ಇದ್ದ ಜಾಗದಲ್ಲೇ ಕಬ್ಬಿಣದ ಕಂಬ ನೆಟ್ಟು ಗಡಿಯಾರ ತೂಗುಹಾಕಿದರು. ಮೊದಲ ದಿನ ವೆಳ್ಳೈಯಮ್ಮಾಳ್ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. ನಾಗಮ್ಮಾಳ್ ಮುಳ್ಳು ಹನ್ನೆರಡಕ್ಕೆ ಬರುವುದನ್ನೇ ಕಾದು ಕೂಗಿದಳು. ಒಂದು ನಿಮಿಷವೂ ತಪ್ಪಲಿಲ್ಲ. ಎರಡನೇ ವಾರ ಅವಳು ಒರಳುಕಲ್ಲು ಹತ್ತುವಷ್ಟರಲ್ಲಿ ರಾಜೇಂದ್ರನ್ ತನ್ನ ಜಗಲಿಯಿಂದಲೇ ಗಡಿಯಾರ ನೋಡಿ ಬಾವಿಯ ಹತ್ತಿರ ಹೋಗಿ ನಿಂತಿದ್ದ. ಮೂರನೇ ವಾರ ಕೂಗು ಬೇಡವಾಯಿತು. ಬೇಡ ಎಂದು ಯಾರೂ ಹೇಳಲಿಲ್ಲ, ಅವಳೇ ಒಂದು ದಿನ ಒರಳುಕಲ್ಲಿನ ಮೇಲೆ ನಿಂತು, ಕೂಗದೆ ಇಳಿದಳು.

ರಾತ್ರಿಯ ತಟ್ಟೆ ಏಳಕ್ಕೆ ಬರುತ್ತಿದ್ದದ್ದು ಎಂಟಕ್ಕೆ ಬಂತು, ಆಮೇಲೆ ಒಂಬತ್ತಕ್ಕೆ. ಅನ್ನದ ಮೇಲಿನ ಕೊಳಂಬು ತೆಳ್ಳಗಾಯಿತು. ಒಂದು ಸಂಜೆ ವೆಳ್ಳೈಯಮ್ಮಾಳ್ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ನಗುತ್ತಲೇ ಒಂದು ಮಾತು ಅಂದಳು.

"ಅತ್ಗೆ, ನಿಮ್ಮ ಕೆಲ್ಸಾನ ಗಡಿಯಾರ ಮಾಡ್ತದೆ. ತಟ್ಟೆ ಹೊರೋ ಕೆಲ್ಸಕ್ಕೂ ಒಂದು ಮಿಷಿನ್ ಬರ್ಲಿ ಅಂತ ಕಾಯ್ತಾ ಇದೀನಿ."

ತಮಾಷೆಯ ಮಾತಿಗೆ ಸಿಟ್ಟು ಮಾಡಿಕೊಂಡರೆ ಸಿಟ್ಟು ಮಾಡಿಕೊಂಡವರದೇ ತಪ್ಪು. ನಾಗಮ್ಮಾಳ್ ತಾನೂ ನಕ್ಕಳು. ಅದಾದ ಮೇಲೆ ಆ ತಟ್ಟೆ ಎರಡು ದಿನಕ್ಕೊಮ್ಮೆ ಬಂತು. ವಿಷಯ ತಿಳಿದ ಮಣಿಮೇಗಲೈ, ಅರ್ಧ ಅಂದರೆ ಅರ್ಧ, ಅವರ ಪಾಲಿನದನ್ನೂ ನಾನೇ ಹಾಕಿದರೆ ಅವರು ಅಲ್ಲಿಗೆ ಕೈತೊಳೆದುಕೊಳ್ಳುತ್ತಾರೆ ಎಂದು ಗಂಡನ ಹತ್ತಿರ ಲೆಕ್ಕ ಹೇಳಿದಳು. ಅವಳು ಕೆಟ್ಟವಳಲ್ಲ, ಬೆಳಗಿನ ದೋಸೆ ಒಂದು ದಿನವೂ ತಪ್ಪಿಸಲಿಲ್ಲ. ನಾಗಮ್ಮಾಳ್ ಅದರಲ್ಲೇ ಎರಡು ಎತ್ತಿಟ್ಟು ರಾತ್ರಿ ನೀರಿನಲ್ಲಿ ಅದ್ದಿ ತಿಂದಳು. ನಲವತ್ತೆರಡು ವರ್ಷದ ಮೇಲೆ ಈಗ ಅವಳಿಗೆ ಒಲೆ ಇಲ್ಲದ್ದು ಕಾಣಿಸಿತು.

ಎರಡು ಮುಖಗಳನ್ನೂ ನೋಡುವವಳು ಅವಳೊಬ್ಬಳೇ. ಮೇಲ್ಮನೆಯವರು ತಮ್ಮ ಕಡೆಯದನ್ನು ನೋಡುತ್ತಿದ್ದರು, ಕೆಳಮನೆಯವರು ತಮ್ಮದನ್ನು. ಅವಳ ಕೋಣೆ ಬದಿಯಲ್ಲಿ, ನಲ್ಲಿಗೆ ಹೋಗುವಾಗ ಒಂದು ಮುಖ, ಬರುವಾಗ ಇನ್ನೊಂದು. ತಿಂಗಳು ತುಂಬುವಷ್ಟರಲ್ಲಿ ಮೇಲ್ಮನೆಯ ಮುಖ ಎರಡು ನಿಮಿಷ ಹಿಂದೆ ಬಿದ್ದದ್ದನ್ನು ಅವಳು ಕಂಡಳು. ಹೇಳಬೇಕಾದದ್ದು ತನ್ನ ಕೆಲಸವೆಂದು ಜೆಯಕುಮಾರನಿಗೂ ಹೇಳಿದಳು, ರಾಜೇಂದ್ರನಿಗೂ ಹೇಳಿದಳು. ಅವರು ಇಬ್ಬರೂ ಸರಿ ನೋಡೋಣ ಎಂದರು. ಒಂದು ಮುಖ ಇನ್ನೊಂದನ್ನು ಬಿಟ್ಟು ಓಡಬಲ್ಲದು ಎನ್ನುವ ವಿಷಯವನ್ನು ಆ ಮನೆಗಳಿಗೆ ಕಲಿಸಿಕೊಟ್ಟವಳು, ಪಾಪ, ಅವಳೇ.

ಮುಂದಿನ ಶುಕ್ರವಾರ ಮಧ್ಯಾಹ್ನ ಜೆಯಕುಮಾರ್ ಸ್ಟೂಲ್ ಹಾಕಿ ಹತ್ತಿ ತನ್ನ ಕಡೆಯ ಮುಚ್ಚಳ ತೆಗೆದಿದ್ದ. ನಾಗಮ್ಮಾಳ್ ಬಾಗಿಲಲ್ಲಿ ನಿಂತದ್ದು ನೋಡಿ "ಬ್ಯಾಟರಿ ಪಾಕ್ತಾ ಇದೀನಿ ಅತ್ತೆ" ಎಂದ. ಬ್ಯಾಟರಿ ನೋಡುತ್ತಿದ್ದಾನಂತೆ. ಅವನು ಇಳಿದು ಹೋದ ಮೇಲೆ ನೋಡಿದರೆ ಆ ಮುಖ ಹತ್ತು ನಿಮಿಷ ಹಿಂದಿತ್ತು. ಅವನ ಪಾಲಿನ ನೀರು ಹತ್ತು ನಿಮಿಷ ಉದ್ದವಾಯಿತು ಎಂದಾಯಿತು. ಮೇಲ್ಮನೆಯ ಕಿಟಕಿಯಲ್ಲಿ ಯುವಶ್ರೀ ಕೂದಲು ಬಾಚುತ್ತಾ ನಿಂತಿದ್ದಳು. ಭಾನುವಾರ ಬೆಳಗಿನ ಜಾವದ ಬೆಳಕಿನಲ್ಲಿ ರಾಜೇಂದ್ರನ್ ಅದೇ ಕೆಲಸ ಮಾಡಿದ. ಅವನ ಕಡೆಯ ಮುಖ ಹತ್ತು ನಿಮಿಷ ಮುಂದೆ ಹೋಯಿತು. ಅವನು ಅಕ್ಕನನ್ನು ನೋಡಿಯೂ ನೋಡದವನಂತೆ ಸ್ಟೂಲ್ ಎತ್ತಿಕೊಂಡು ಒಳಗೆ ನಡೆದ.

ಜಗಳ ಮಂಗಳವಾರ ಬಂತು. ಬಾವಿಯ ಹತ್ತಿರ ರಾಜೇಂದ್ರನ್ ನೀರಿನ ವಾಲ್ವ್ ತಿರುಗಿಸುತ್ತಿದ್ದಾನೆ, ಇನ್ನೂ ಇಪ್ಪತ್ತು ನಿಮಿಷ ನನ್ನದು ಎಂದು ಜೆಯಕುಮಾರ್ ಅವನ ಕೈ ಹಿಡಿದಿದ್ದಾನೆ. ಇಬ್ಬರೂ ಕೆಸರು ಕಾಲಿನಲ್ಲೇ ಹೊಸ ಅಂಗಳಕ್ಕೆ ಬಂದು ಗಡಿಯಾರದ ಕೆಳಗೆ ನಿಂತರು. ಯುವಶ್ರೀ ಫೋನು ತೋರಿಸಿದಳು. ಫೋನಿನಲ್ಲಿ ಸರಿಯಾಗಿ ಹನ್ನೆರಡು. ಮೇಲ್ಮನೆಯ ಮುಖದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು, ಕೆಳಮನೆಯದರಲ್ಲಿ ಹನ್ನೆರಡು ಕಳೆದು ಹತ್ತು ನಿಮಿಷ ಆಗಿತ್ತು. ನಮ್ಮ ಮುಖವನ್ನು ನೀವು ಮುಟ್ಟಿದ್ದೀರಿ ಎಂದು ಇವರು, ನಮ್ಮದನ್ನು ನೀವು ಎಂದು ಅವರು. ವೆಳ್ಳೈಯಮ್ಮಾಳ್ ಬಾಳೆಎಲೆ ಕೊಯ್ಯುವ ಕತ್ತಿಯನ್ನು ಕೈಯಲ್ಲಿ ಹಿಡಿದೇ ಮಾತಾಡುತ್ತಿದ್ದಳು. ಆಗ ರಾಜೇಂದ್ರನಿಗೆ ನೆನಪಾಯಿತು.

"ಅಕ್ಕ ದಿನಪೂರ್ತಿ ಇಲ್ಲೇ ಇರ್ತಾಳೆ. ಅವಳು ಹೇಳ್ಲಿ. ಅಪ್ಪನ ಕಾಲ್ದಿಂದ ಅವಳ ಮಾತ್ಗೆ ಎದುರುಮಾತು ಇಲ್ಲೆ."

"ಅತ್ತೆ ಹೇಳ್ಲಿ" ಎಂದ ಜೆಯಕುಮಾರನೂ. ಅವನ ಮನೆಯ ದೋಸೆ ತಿನ್ನುವವಳು ತನ್ನನ್ನು ಬಿಟ್ಟುಕೊಡುವುದಿಲ್ಲ ಎಂಬ ಧೈರ್ಯ ಅವನಿಗೆ. ಒಡಹುಟ್ಟಿದವಳು ಎಂಬ ಧೈರ್ಯ ರಾಜೇಂದ್ರನಿಗೆ.

ಎಷ್ಟೋ ದಿನದ ಮೇಲೆ ಯಾರೋ ತನ್ನನ್ನು ಒಂದು ಮಾತು ಕೇಳುತ್ತಿದ್ದಾರೆ ಎಂಬುದೇ ನಾಗಮ್ಮಾಳಿಗೆ ಮೊದಲು ತಾಗಿತು. ಸೆರಗು ಸರಿಮಾಡಿಕೊಂಡಳು. ಬೆಳಗಿನ ತಟ್ಟೆಯ ನೆನಪು ಬಂತು, ಬಾರದೆ ಹೇಗಿರುತ್ತದೆ. ಆದರೆ ಆ ಅಂಗಳದಲ್ಲಿ ಅವಳು ಇಷ್ಟು ವರ್ಷ ಸುಳ್ಳು ಕೂಗಿರಲಿಲ್ಲ, ಇವತ್ತು ಕೂಗಿದರೆ ಆ ನಲವತ್ತೆರಡು ವರ್ಷವೂ ಸುಳ್ಳಾಗುತ್ತಿತ್ತು.

"ಇಬ್ರೂ" ಎಂದಳು. "ಶುಕ್ರವಾರ ಮಧ್ಯಾಹ್ನ ಜೆಯಕುಮಾರ್ ಹಿಂದಕ್ಕೆ ತಿರುಗ್ಸ್ದ. ಭಾನುವಾರ ಬೆಳಗ್ಗೆ ನೀ ಮುಂದಕ್ಕೆ ತಿರುಗ್ಸ್ದೆ ರಾಜೇಂದ್ರಾ. ಅವನು ಅವನ ಕಡೇದನ್ನ, ನೀ ನಿನ್ನ ಕಡೇದನ್ನ."

ಚಿಕ್ಕಪ್ಪ ಅಣ್ಣನ ಮಗನನ್ನು ನೋಡಿದ, ಅಣ್ಣನ ಮಗ ಚಿಕ್ಕಪ್ಪನನ್ನು ನೋಡಿದ. ಬಾವಿಯಿಂದ ಇಲ್ಲಿಯವರೆಗೂ ಕಚ್ಚಾಡಿಕೊಂಡು ಬಂದ ಇಬ್ಬರ ಮುಖದಲ್ಲೂ ಒಂದೇ ಅವಮಾನ. ಮೊದಲು ದಾರಿ ಕಂಡುಕೊಂಡದ್ದು ವೆಳ್ಳೈಯಮ್ಮಾಳ್.

"ಆಪರೇಷನ್ ಆಗಿರೋ ಕಣ್ಣು. ಅವರ್ಗೆ ಏನ್ ಕಾಣ್ತದೋ ಏನೋ."

"ಬ್ಯಾಟರಿ ನೋಡ್ದೆ, ಅಷ್ಟೇ" ಎಂದ ಜೆಯಕುಮಾರ್ ಮೆಲ್ಲಗೆ. "ಅದನ್ನ ಬೇರೆ ಥರ ಅಂದ್ಕೊಂಡಿದಾರೆ."

"ನಾನೂ ಧೂಳು ಒರ್ಸ್ದೆ" ಎಂದ ರಾಜೇಂದ್ರನ್.

ನಾಗಮ್ಮಾಳ್ ಯುವಶ್ರೀಯ ಕಡೆ ತಿರುಗಿದಳು. "ನೀ ಕಿಟಕೀಲಿ ನಿಂತಿದ್ದಿ ಅಲ್ವಾ ನನ್ ಕಣ್ಣು. ನಿಮ್ಮಪ್ಪ ತಿರುಗ್ಸಿದ್ದು ನೀ ನೋಡ್ಲಿಲ್ವಾ?"

ಹುಡುಗಿ ಅಪ್ಪನ ಮುಖ ನೋಡಿ, ಕಣ್ಣು ಫೋನಿಗೆ ಇಳಿಸಿ, "ನಾನ್ ಪಾಕ್ಕಲೆ ಪಾಟ್ಟಿ" ಎಂದಳು. ನೋಡಲಿಲ್ಲವಂತೆ. ಆಮೇಲೆ, ಅದಕ್ಕೆ ಪ್ರಾಯಶ್ಚಿತ್ತ ಎನ್ನುವ ಹಾಗೆ ತಾನೇ ಸ್ಟೂಲ್ ತಂದು ಹತ್ತಿ, ಎರಡು ಕಡೆಯ ಮುಚ್ಚಳವನ್ನೂ ತೆಗೆದು ಎಲ್ಲರಿಗೂ ತೋರಿಸಿದಳು. ಒಳಗೆ ಎರಡು ಮಿಷಿನ್. ಒಂದೊಂದು ಮುಖಕ್ಕೆ ಒಂದೊಂದು, ಒಂದೊಂದು ಬ್ಯಾಟರಿ. ಅವು ತಮ್ಮಷ್ಟಕ್ಕೆ ಹಿಂದೆ ಮುಂದೆ ಆಗಿರಬಹುದು ಎಂದಳು.

ಹೀಗೆ ಯಾರೂ ಮುಟ್ಟದೆಯೇ ಗಡಿಯಾರ ಕೆಟ್ಟಿತು ಎಂದಾಯಿತು. ಎರಡೂ ಮನೆಯ ಮುಖ ಅರಳಿತು. ರಾಜೇಂದ್ರನ್ ಜೆಯಕುಮಾರನ ಹೆಗಲ ಮೇಲೆ ಕೈ ಹಾಕಿದ.

"ಎರಡು ಮಿಷಿನ್ ಇರೋದು ಆರಿಸಿ ತಂದ್ರೆ ಶಂಡೆ ಜಗ್ಳ ಬರ್ದೆ ಇನ್ನೇನ್ ಬರ್ತದೆ?" ಎಂದ. "ಆರ್ಸಿದ್ದು ಯಾರು?"

ಎಲ್ಲರೂ ನಾಗಮ್ಮಾಳನ್ನು ನೋಡಿದರು. ನೋಟದಲ್ಲಿ ಸಿಟ್ಟೂ ಇರಲಿಲ್ಲ. ವಯಸ್ಸಾಯಿತು, ಇನ್ನು ಇವಳನ್ನು ಏನೂ ಕೇಳಬಾರದು ಎನ್ನುವಂಥ ಕನಿಕರ ಇತ್ತು, ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಒಳಗೆ ಹೋಗಿ ಪೆಟ್ಟಿಗೆಯ ಮೇಲೆ ಕೂತಳು. ತೇನಿಯ ಅಂಗಡಿಯವನ ಕೈಯಲ್ಲಿದ್ದ ಆ ಎರಡನೇ ಬ್ಯಾಟರಿ ಕಣ್ಣಮುಂದೆ ಬಂತು.

ಇನ್ನು ಮೇಲೆ ಪ್ರತಿ ಭಾನುವಾರ ಎರಡು ಮನೆಯವರೂ ಒಟ್ಟಿಗೆ ನಿಂತು ಫೋನು ನೋಡಿ ಎರಡು ಮುಖವನ್ನೂ ಸರಿಮಾಡುವುದೆಂದು ಮಾತಾಯಿತು. ಮೊದಲ ಭಾನುವಾರ ಹಾಗೆಯೇ ಮಾಡಿದರು. ಆ ಸಂತೋಷಕ್ಕೆ ರಾಜೇಂದ್ರನ್ ಮಟನ್ ತಂದ, ಮಣಿಮೇಗಲೈ ರುಬ್ಬಿದಳು, ವೆಳ್ಳೈಯಮ್ಮಾಳ್ ಒಲೆ ಮುಂದೆ ಕೂತಳು. ಎರಡು ಮನೆ ಒಂದೇ ಪಂಕ್ತಿಯಲ್ಲಿ ಉಂಡು ಆರು ವರ್ಷವಾಗಿತ್ತು. ಮಂಗಳವಾರದಿಂದ ಬೆಳಗಿನ ತಟ್ಟೆಯೂ ಹೊತ್ತು ತಪ್ಪಿ ಬರುತ್ತಿತ್ತು. ಆ ದಿನವಂತೂ ಅಡುಗೆಯ ಗಡಿಬಿಡಿಯಲ್ಲಿ ಬರಲೇ ಇಲ್ಲ. ಎಲ್ಲ ಸೇರಿಸಿ ರಾತ್ರಿಗೆ ಕರೆಯುತ್ತಾರೆ ಎಂದುಕೊಂಡಳು ನಾಗಮ್ಮಾಳ್. ತಟ್ಟೆ ತೊಳೆದು ಹೊಸ್ತಿಲ ಮೇಲಿಟ್ಟು, ಮುಖ ತೊಳೆದು ಕೂತಳು.

ಏಳಕ್ಕೆ ಕೆಳಮನೆಯಲ್ಲಿ ಎಲೆ ಹಾಕುವ ಸದ್ದು ಕೇಳಿಸಿತು. ಏಳೂವರೆಗೆ ನಗು ಕೇಳಿಸಿತು. ಕೆಳಮನೆಯವರು ಕರೆದಿದ್ದಾರೆ ಎಂದು ಮೇಲ್ಮನೆಯವರು ಅಂದುಕೊಂಡಿರಬೇಕು, ಮೇಲ್ಮನೆಯವರು ಕರೆತರುತ್ತಾರೆ ಎಂದು ಕೆಳಮನೆಯವರು. ಕರೆಯದೆ ಹೋಗಿ ಪಂಕ್ತಿಯಲ್ಲಿ ಕೂರಲು ಅವಳಿಗೆ ಆಗಲಿಲ್ಲ. ಎದ್ದು ಗಡಿಯಾರದ ಸುತ್ತ ಒಂದು ಸುತ್ತು ಬಂದಳು. ಈ ಮುಖದಲ್ಲಿ ಎಂಟು. ಆ ಮುಖದಲ್ಲೂ ಎಂಟು. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಅವಳು ಒರಳುಕಲ್ಲಿನ ಮೇಲೆ ಹತ್ತಿದಳು. ನಾನಿಲ್ಲಿದ್ದೇನೆ ಎಂದು ಹೇಳಲು ಅವಳಿಗೆ ಬೇರೆ ಮಾತು ಗೊತ್ತಿರಲಿಲ್ಲ. ಎರಡು ಮನೆಗೂ ಕೇಳುವ ಹಾಗೆ, ಹಳೆಯ ಗಂಟಲಿನಲ್ಲಿ, "ನೀರ್ ತಿರುಗ್ಸ್ರೋ" ಎಂದು ಕೂಗಿದಳು.

ಒಳಗೆ ಮಾತು ನಿಂತಿತು. ಆಮೇಲೆ ವೆಳ್ಳೈಯಮ್ಮಾಳ್ ದನಿ ಬಂತು.

"ಕೇಳುದ್ರಾ? ಕೆಟ್ಟಿರೋದು ಕಣ್ಣು ಮಾತ್ರ ಅಲ್ಲ ಅಂತ ನಾನ್ ಅವತ್ತೇ ಹೇಳ್ದೆ."

ಯಾರೋ ಅಯ್ಯೋ ಪಾಪ ಎಂದರು. ಕೊಳಂಬು ಬಡಿಸುವ ಸದ್ದು ಮತ್ತೆ ಶುರುವಾಯಿತು.